ಟೈರ್ ಅಗಲ ಮಾಡಿದ ಮೇಲೆ ಕಾರು ತಿರುವಿನಲ್ಲಿ ಹೊರಕ್ಕೇ ಓಡುತ್ತಿದೆ, ಯಾಕೆ?

ಮೂರನೇ ಗೇರ್

ಫೋರ್ಜಾ ಹೊರೈಜನ್ 5 ಎಂಬ ಕಾರ್ ರೇಸ್ ಆಟದಲ್ಲಿ ಎ ಕ್ಲಾಸ್‌ಗೆ (ಕಾರುಗಳ ಸಾಮರ್ಥ್ಯದ ಒಂದು ದರ್ಜೆ) ಒಂದು ರಿಯರ್ ವೀಲ್ ಡ್ರೈವ್ ಕಾರು ಸಿದ್ಧ ಮಾಡುತ್ತಿದ್ದೇನೆ. ತೂಕ ಸುಮಾರು 1400 ಕೆ.ಜಿ., ಮೂಲದಲ್ಲಿ ನಾಲ್ಕೂ ಚಕ್ರಕ್ಕೆ 225/45 ಆರ್17 (ಅಗಲ 225 ಮಿ.ಮೀ., ಸೈಡ್‌ವಾಲ್ ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಅಗಲದ 45%, ರಿಮ್ 17 ಇಂಚು). ಹಿಂದಿನ ಟೈರನ್ನು 275ಕ್ಕೆ ಏರಿಸಿ, ರಿಮ್ ಎರಡು ಇಂಚು ದೊಡ್ಡದು ಹಾಕಿದೆ. ಮುಂದಿನದನ್ನು ಮುಟ್ಟಿಲ್ಲ. ಹೊರಡುವಾಗ ಚಕ್ರ ಸುಮ್ಮನೆ ಸುತ್ತುವುದು ನಿಂತಿತು, ಅದು ಸರಿ. ಆದರೆ ಮಧ್ಯಮ ವೇಗದ ತಿರುವುಗಳಲ್ಲಿ ಮೂಗು ಒಳಕ್ಕೆ ಬರುವುದೇ ಇಲ್ಲ. ಸ್ಟಿಯರಿಂಗ್ ಇನ್ನಷ್ಟು ತಿರುಗಿಸಿದರೆ ಮುಂದಿನ ಟೈರ್ ಕಿರುಚುತ್ತದೆ, ಕಾರು ಮಾತ್ರ ನೇರ ಹೋಗುತ್ತದೆ. ಉದ್ದದ ನೇರ ದಾರಿಯಲ್ಲೂ ವೇಗ ಏರುವುದು ಸ್ವಲ್ಪ ನಿಧಾನವಾಗಿದೆ.

ಅಸೆಟ್ಟೊ ಕೋರ್ಸಾ ಎಂಬ ಇನ್ನೊಂದು ಆಟದಲ್ಲಿ ಇದೇ ಬಗೆಯ ಒಂದು ಮಾಡ್ ಕಾರಿನ (ಆಡುವವರೇ ಮಾಡಿ ಸೇರಿಸಿದ ಕಾರು) ಟೈರ್ ಫೈಲಿನಲ್ಲಿ ವಿಡ್ತ್ ಅನ್ನು 0.225ರಿಂದ 0.275 ಮಾಡಿದರೆ ಹಿಡಿತದಲ್ಲಿ ಏನೂ ವ್ಯತ್ಯಾಸ ಕಾಣುತ್ತಿಲ್ಲ.

ಹಾಗಾದರೆ ಅಗಲ ಅಂದರೆ ಹಿಡಿತವೋ ಅಲ್ಲವೋ? ಮುಂದೆ ಹಿಂದೆ ಯಾವ ಅನುಪಾತದಲ್ಲಿ ಹಾಕಬೇಕು? ರಿಮ್ ದೊಡ್ಡದು ಮಾಡಿದ್ದಕ್ಕೆ ಏನಾದರೂ ಲಾಭ ಇದೆಯೇ?

ಸ್ಲಿಪ್ ಆಂಗಲ್

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡೋಣ. ಟೈರ್ ಅಗಲವಾದರೆ ನೆಲಕ್ಕೆ ತಾಗುವ ಜಾಗ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆ ಜಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ನಿಮ್ಮ ಕಾರಿನ ಒಂದು ಚಕ್ರದ ಮೇಲೆ 350 ಕೆ.ಜಿ., ಅಂದರೆ ಸುಮಾರು 3,430 ನ್ಯೂಟನ್ ಇದೆ ಅಂದುಕೊಳ್ಳಿ. ಒತ್ತಡ 2.2 ಬಾರ್. ಭಾಗಿಸಿದರೆ ಸುಮಾರು 156 ಚದರ ಸೆಂ.ಮೀ. ಬರುತ್ತದೆ. ನೆಲಕ್ಕೆ ಕೂರುವ ಪಟ್ಟಿ 18 ಸೆಂ.ಮೀ. ಅಗಲವಿದ್ದರೆ ಅದರ ಉದ್ದ 8.7 ಸೆಂ.ಮೀ., 22 ಸೆಂ.ಮೀ. ಅಗಲವಿದ್ದರೆ ಉದ್ದ 7.1 ಸೆಂ.ಮೀ. ಸೈಡ್‌ವಾಲ್ ಕೂಡ ಸ್ವಲ್ಪ ಭಾರ ಹೊರುವುದರಿಂದ ನಿಜವಾದ ಟೈರಿನಲ್ಲಿ ಅಂಕಿ ಅಷ್ಟಿಷ್ಟು ಬೇರೆ ಬರುತ್ತದೆ. ಆದರೂ ವಿಷಯ ಇಷ್ಟೇ: ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಉಳಿದು ಅದರ ಆಕಾರ ಬದಲಾಗುತ್ತದೆ.

ಹಾಗಿದ್ದೂ ಅಗಲದ ಟೈರ್ ತಿರುವಿನಲ್ಲಿ ಹೆಚ್ಚು ಹಿಡಿಯುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಲೋಡ್ ಸೆನ್ಸಿಟಿವಿಟಿ. ರಬ್ಬರಿನ ಮೇಲೆ ಭಾರ ಹೆಚ್ಚಾದಂತೆ ಹಿಡಿತ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಘರ್ಷಣಾಂಕ ಇಳಿಯುತ್ತಾ ಹೋಗುತ್ತದೆ. ಅಗಲದ ಟೈರಿನಲ್ಲಿ ಈ ಇಳಿತ ನಿಧಾನ.

ವಿವರಿಸಲು ಒಂದು ಕಾಲ್ಪನಿಕ ಲೆಕ್ಕ. ಘರ್ಷಣಾಂಕ 1.2ರಿಂದ ಶುರುವಾಗಿ, ಕಿರಿದಾದ ಟೈರಿನಲ್ಲಿ ಪ್ರತಿ 1,000 ನ್ಯೂಟನ್‌ಗೆ 0.04 ಇಳಿಯುತ್ತದೆ, ಅಗಲದ್ದರಲ್ಲಿ 0.025 ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಆಕ್ಸಲ್‌ನ ಎರಡೂ ಚಕ್ರದ ಮೇಲೆ ತಲಾ 3,500 ನ್ಯೂಟನ್ ಇದ್ದದ್ದು ತಿರುವಿನಲ್ಲಿ ಹೊರಗಿನದಕ್ಕೆ 5,500, ಒಳಗಿನದಕ್ಕೆ 1,500 ಆಗುತ್ತದೆ. ಕಿರಿದಾದ ಜೋಡಿ ಆಗ ಒಟ್ಟು 7,100 ನ್ಯೂಟನ್ ಪಕ್ಕದ ಬಲ ಕೊಡುತ್ತದೆ, ಅಗಲದ ಜೋಡಿ ಸುಮಾರು 7,590. ಸರಿಸುಮಾರು 7% ಹೆಚ್ಚು. ಭಾರ ಒಂದು ಕಡೆಗೆ ವಾಲಿದ್ದರಿಂದ ಆದ ನಷ್ಟ ಕಿರಿದಾದದ್ದಕ್ಕೆ 4.3%, ಅಗಲದ್ದಕ್ಕೆ 2.6%.

ನಿಮ್ಮ ಸಮಸ್ಯೆ ಇಲ್ಲೇ ಇದೆ. ಹಿಂದಿನ ಆಕ್ಸಲ್‌ಗೆ ಮಾತ್ರ ಆ 7% ಕೊಟ್ಟಿದ್ದೀರಿ. ಮುಂದಿನ ಆಕ್ಸಲ್ ಮೊದಲಿನಷ್ಟೇ ಹಿಡಿಯುತ್ತದೆ. ಕಾರಿನ ಬ್ಯಾಲೆನ್ಸ್ ಅನ್ನೋದು ಮುಂದಿನ ಹಿಡಿತಕ್ಕೂ ಹಿಂದಿನ ಹಿಡಿತಕ್ಕೂ ಇರುವ ವ್ಯತ್ಯಾಸವೇ ಹೊರತು ಒಟ್ಟು ಹಿಡಿತ ಅಲ್ಲ. ಹಿಂಭಾಗ ಜಾರುವುದಕ್ಕೆ ಬಹಳ ಮೊದಲೇ ಮುಂಭಾಗ ಸೋತಿರುತ್ತದೆ, ಅದೇ ಅಂಡರ್‌ಸ್ಟಿಯರ್. ಆಕ್ಸಿಲರೇಟರ್ ಒತ್ತಿದರೆ ಇನ್ನೂ ಕೆಟ್ಟದು, ಗಟ್ಟಿಯಾಗಿ ಕಚ್ಚಿಕೊಂಡ ಹಿಂದಿನ ಚಕ್ರಗಳು ಸೋತ ಮೂಗನ್ನು ಹೊರಕ್ಕೆ ತಳ್ಳುತ್ತವೆ.

ಫಾರ್ಮುಲಾ 1ರಲ್ಲಿ 2017ಕ್ಕೆ ಟೈರ್ ಅಗಲ ಮಾಡಿದಾಗ ಮುಂದಿನದು 245ರಿಂದ 305 ಮಿ.ಮೀ., ಹಿಂದಿನದು 325ರಿಂದ 405 ಮಿ.ಮೀ. ಆಯಿತು. ಶೇಕಡಾವಾರು ನೋಡಿ: ಎರಡೂ ಸುಮಾರು 24.5%. ಸುಮ್ಮನೆ ಬಂದ ಸಂಖ್ಯೆಗಳಲ್ಲ ಅವು.

ಇನ್ನೊಂದು ಪರಿಣಾಮ ಕೈಗೆ ತಿಳಿಯುವಂಥದ್ದು. ಅಗಲ ಹೆಚ್ಚಿ ಸೈಡ್‌ವಾಲ್ ತಗ್ಗಿದರೆ ಟೈರ್ ತನ್ನ ಗರಿಷ್ಠ ಹಿಡಿತಕ್ಕೆ ಕಡಿಮೆ ಸ್ಲಿಪ್ ಆಂಗಲ್‌ನಲ್ಲೇ (ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವಿನ ಕೋನ) ತಲುಪುತ್ತದೆ. ದಪ್ಪ ಸೈಡ್‌ವಾಲ್‌ನ ಕಿರಿದಾದ ಟೈರ್ 8–10 ಡಿಗ್ರಿವರೆಗೂ ಬಲ ಕೊಡುತ್ತಾ ಹೋಗಬಹುದು. ಅಗಲದ ತಗ್ಗಿನ ಟೈರ್ 5–6 ಡಿಗ್ರಿಗೇ ತುದಿ ಮುಟ್ಟಿಬಿಡುತ್ತದೆ. ಮುಂದಕ್ಕೂ ಅಗಲದ ಟೈರ್ ಹಾಕಿದ ಮೇಲೆ ಮೊದಲಿನಷ್ಟೇ ಸ್ಟಿಯರಿಂಗ್ ತಿರುಗಿಸಿದರೆ ತುದಿ ದಾಟಿ ಉಜ್ಜುತ್ತೀರಿ, ಬಿಸಿ ಏರುತ್ತದೆ, ಹಿಡಿತ ಇಳಿಯುತ್ತದೆ. ಗೇಮ್‌ಪ್ಯಾಡ್‌ನಲ್ಲಿ ಸ್ಟಿಕ್ ಪೂರ್ತಿ ಒತ್ತುವವರಿಗೆ ಇದು ಜಾಸ್ತಿ ಕಾಡುತ್ತದೆ.

ಗೇರುಪೆಟ್ಟಿಗೆ

ಮೇಲಿನವರು ಹೇಳಿದ್ದು ಟೈರಿನ ವಿಷಯ. ಆದರೆ ಆಟ ಅದನ್ನು ಹೇಗೆ ಲೆಕ್ಕ ಹಾಕತ್ತೆ ಅನ್ನೋದು ಬೇರೆನೇ ಕಥೆ, ಒಂದೊಂದು ಆಟ ಒಂದೊಂದು ಥರ.

ಫೋರ್ಜಾದಲ್ಲಿ ಅಗಲ ಏರಿಸಿದರೆ ಹಿಡಿತ ಏರತ್ತೆ, ತೂಕನೂ ಏರತ್ತೆ, ಪಿಐ (ಕಾರಿನ ಸಾಮರ್ಥ್ಯಕ್ಕೆ ಆಟ ಕೊಡೋ ಅಂಕ) ಕೂಡ ತಿನ್ನತ್ತೆ. ಎ ಕ್ಲಾಸ್ ಮಿತಿ 800. ಹಿಂದಿನ ಟೈರಿಗೆ ಸುರಿದ ಪಿಐ ಅಷ್ಟೂ ಎಂಜಿನ್ನಿಂದಲೋ ಮುಂದಿನ ಟೈರಿಂದಲೋ ಕಿತ್ತುಕೊಂಡದ್ದು. ಹಾಗಾಗಿ ಮೊದಲು ಕಾಂಪೌಂಡ್ (ರಬ್ಬರಿನ ಬಗೆ) ತೀರ್ಮಾನ ಮಾಡಿ, ಆಮೇಲೆ ಮುಂದಿನ ಅಗಲ, ಕೊನೆಗೆ ಉಳಿದ ಪಿಐ ನೋಡಿಕೊಂಡು ಹಿಂದಿನ ಅಗಲ. ಹೆಚ್ಚಿನವರು ಇದನ್ನ ತಲೆಕೆಳಗಾಗಿ ಮಾಡ್ತಾರೆ.

ಗ್ರಾನ್ ಟುರಿಸ್ಮೊ 7ರಲ್ಲಿ ಜಿಟಿ ಆಟೋ (ಆಟದೊಳಗಿನ ಗ್ಯಾರೇಜು) ಒಳಗೆ ರಿಮ್‌ನ ವ್ಯಾಸ, ಅಗಲ, ಆಫ್‌ಸೆಟ್ (ರಿಮ್ ಬೋಲ್ಟ್ ಆಗೋ ಮುಖ ಅದರ ಮಧ್ಯರೇಖೆಯಿಂದ ಎಷ್ಟು ದೂರ ಅನ್ನೋದು) ಬದಲಾಯಿಸಬಹುದು. ಆದರೆ ಅಲ್ಲಿ ಕಂಫರ್ಟ್, ಸ್ಪೋರ್ಟ್ಸ್, ರೇಸಿಂಗ್ ಅನ್ನೋ ಕಾಂಪೌಂಡ್ ವ್ಯತ್ಯಾಸದ ಮುಂದೆ ಅಗಲದ ಪ್ರಭಾವ ಸಣ್ಣದು. ಕಂಫರ್ಟ್ ಹಾರ್ಡ್ ಹಾಕಿ ಅಗಲದ ರಿಮ್ ಹುಡುಕುತ್ತಾ ಕೂರಬೇಡಿ.

ಅಸೆಟ್ಟೊ ಕೋರ್ಸಾದಲ್ಲಿ ಹಿಡಿತ ಹುಟ್ಟೋದು ವಿಡ್ತ್ ಸಾಲಿನಿಂದ ಅಲ್ಲ. ಡಿವೈ_ರೆಫ್, ಎಫ್‌ಝಡ್0, ಎಲ್‌ಎಸ್_ಎಕ್ಸ್‌ಪಿವೈ ಅನ್ನೋ ಮೂರು ಸಾಲು ಪಕ್ಕದ ಹಿಡಿತ ತೀರ್ಮಾನ ಮಾಡ್ತವೆ. ಡಿವೈ_ರೆಫ್ ಅಂದರೆ ಎಫ್‌ಝಡ್0 ಅನ್ನೋ ಭಾರದಲ್ಲಿ ಇರುವ ಘರ್ಷಣಾಂಕ. ಎಲ್‌ಎಸ್_ಎಕ್ಸ್‌ಪಿವೈ ಅನ್ನೋದು ಭಾರ ಹೆಚ್ಚಿದಾಗ ಬಲ ಎಷ್ಟು ನಿಧಾನವಾಗಿ ಬೆಳೆಯತ್ತೆ ಅನ್ನೋ ಘಾತ. 1 ಇದ್ದರೆ ನಷ್ಟವೇ ಇಲ್ಲ, 0.8ರ ಹತ್ತಿರ ಇದ್ದರೆ ಸಾಮಾನ್ಯ ರೋಡ್ ಟೈರ್. ಅಗಲವನ್ನ ಲೆಕ್ಕಕ್ಕೆ ತರಬೇಕಾದರೆ ಎಫ್‌ಝಡ್0 ಅನ್ನು ಅಗಲದ ಅನುಪಾತದಲ್ಲಿ ಏರಿಸೋದು ಒಂದು ಸರಳ ದಾರಿ. ಉದಾಹರಣೆಗೆ ಘಾತ 0.82 ಇದ್ದು, ಅಗಲ 12% ಹೆಚ್ಚಿಸಿ ಎಫ್‌ಝಡ್0 ಅನ್ನು 2,500ರಿಂದ 2,800 ಮಾಡಿದರೆ, ಅದೇ ಭಾರದಲ್ಲಿ ಸಿಗೋ ಹೆಚ್ಚಿನ ಹಿಡಿತ ಬರೀ 2%. ಕಡಿಮೆ ಅನ್ನಿಸಬಹುದು, ಆದರೆ 12% ಅಗಲಕ್ಕೆ 12% ಹಿಡಿತ ಕೊಟ್ಟ ಮಾಡ್‌ಗಳು ಓಡಿಸಿದ ತಕ್ಷಣ ನಕಲಿ ಅಂತ ಗೊತ್ತಾಗತ್ತೆ.

ಫೈಲ್ ತಿದ್ದುವಾಗ ಎಡವೋ ಜಾಗಗಳು: ಒಂದೇ ಫೈಲಿನಲ್ಲಿ ಹಲವು ಕಾಂಪೌಂಡ್ ಇರತ್ತೆ, ಫ್ರಂಟ್, ಫ್ರಂಟ್_1, ರಿಯರ್, ರಿಯರ್_1 ಅಂತ. ನೀವು ತಿದ್ದಿದ್ದು ಒಂದು, ಪಿಟ್‌ನಲ್ಲಿ ಆರಿಸಿದ್ದು ಇನ್ನೊಂದು ಆಗಿರಬಹುದು. ಡೇಟಾ ಡಾಟ್ ಎಸಿಡಿ ಫೈಲ್ ಹಾಗೇ ಕೂತಿದ್ದರೆ ಬಿಚ್ಚಿಟ್ಟ ಫೋಲ್ಡರಿನ ಬದಲಾವಣೆ ಲೆಕ್ಕಕ್ಕೆ ಬರದೇ ಹೋಗಬಹುದು, ಅದರ ಹೆಸರು ಬದಲಾಯಿಸಿ ನೋಡಿ. ಮೂಲ ಫೈಲಿನ ಪ್ರತಿ ತೆಗೆದಿಟ್ಟುಕೊಳ್ಳಿ, ಫಿಸಿಕ್ಸ್ ತಿದ್ದಿದ ಕಾರನ್ನ ಚೆಕ್‌ಸಮ್ ನೋಡುವ (ಫೈಲ್ ತಿದ್ದಿದ್ದಾರಾ ಅಂತ ಪರೀಕ್ಷಿಸುವ) ಆನ್‌ಲೈನ್ ಸರ್ವರ್ ಒಳಗೆ ಬಿಡಲ್ಲ. ಇನ್ನು ಆ್ಯಂಗ್ಯುಲರ್ ಇನರ್ಶಿಯಾ (ಸುತ್ತೋ ಚಕ್ರದ ಜಡತ್ವ) ಸಾಲು. ಟ್ರೆಡ್ ಹತ್ತಿರ, ಅಂದರೆ 0.3 ಮೀಟರ್ ದೂರದಲ್ಲಿ 3 ಕೆ.ಜಿ. ಸೇರಿದರೆ ಅದಕ್ಕೆ 0.27 ಸೇರಿಸಬೇಕು. ಇದನ್ನ ಮರೆತರೆ ಅಗಲದ ಟೈರ್ ಪುಕ್ಕಟೆಯಾಗಿ ಸಿಕ್ಕ ಹಾಗೆ.

ಬೀಮ್‌ಎನ್‌ಜಿ ಅನ್ನೋ ಆಟದಲ್ಲಿ ಟೈರ್ ಅನ್ನೋದೇ ನೋಡ್ (ಬಿಂದು) ಮತ್ತು ಬೀಮ್‌ಗಳಿಂದ (ಬಿಂದುಗಳನ್ನ ಜೋಡಿಸೋ ಕೊಂಡಿ) ಕಟ್ಟಿದ ವಸ್ತು, ಗಾಳಿ ಒತ್ತಡ ನಿಜವಾಗಿ ಒಳಗಿಂದ ತಳ್ಳತ್ತೆ. ಇದನ್ನೆಲ್ಲ ಬರೆದಿಡೋ ಜೆಬೀಮ್ ಫೈಲಿನಲ್ಲಿ ಟೈರ್ ಅಗಲ ಒಂದು ಸಾಲು, ರಿಮ್ ಅಗಲ ಬೇರೆ ಸಾಲು. ಘರ್ಷಣಾಂಕ ಮತ್ತು ಲೋಡ್ ಸೆನ್ಸಿಟಿವಿಟಿಯ ಇಳಿಜಾರು ಅದಕ್ಕೂ ಬೇರೆ. ಹಾಗಾಗಿ ಅಗಲದ ಸಾಲು ಮಾತ್ರ ಬದಲಿಸಿದರೆ ಆಕಾರ ಬದಲಾಗತ್ತೆ, ರಬ್ಬರ್ ಗುಣ ಬದಲಾಗಲ್ಲ. ಪಾರ್ಟ್ಸ್ ಮೆನುವಿನಲ್ಲಿ ಸಿಗೋ ಬೇರೆ ಬೇರೆ ಅಳತೆಯ ಟೈರ್‌ಗಳಿಗೆ ಈ ಸಾಲುಗಳನ್ನ ಒಟ್ಟಿಗೇ ಹೊಂದಿಸಿರ್ತಾರೆ, ಅದನ್ನೇ ಬಳಸಿ.

ಎಫ್1 ಆಟಗಳಲ್ಲಿ, ಐರೇಸಿಂಗ್‌ನಲ್ಲಿ ಅಗಲ ನಿಮ್ಮ ಕೈಲಿಲ್ಲ. ಒತ್ತಡ, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿ ನಿಂತ ಕೋನ) ಅಷ್ಟೇ.

ಬಾಲ ಬೀಸಿ

ನೇರ ದಾರಿಯಲ್ಲಿ ನಿಧಾನ ಆಗಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ವ್ಯಾಸ ಲೆಕ್ಕ ಹಾಕಿ ಗುರುಗಳೇ.

225/45 ಆರ್17: ಸೈಡ್‌ವಾಲ್ 101.25, ಎರಡು ಕಡೆ ಸೇರಿ 202.5, ರಿಮ್ 431.8. ಒಟ್ಟು 634.3 ಮಿ.ಮೀ.
275/40 ಆರ್17: 651.8 ಮಿ.ಮೀ. ಅಂದರೆ 2.8% ಹೆಚ್ಚು.
275/45 ಆರ್17: 679.3 ಮಿ.ಮೀ. 7% ಹೆಚ್ಚು.

ಹಿಂದಿನ ಚಕ್ರ ದೊಡ್ಡದಾದಷ್ಟೂ ಎಲ್ಲಾ ಗೇರ್ ಉದ್ದ ಆಗುತ್ತೆ, ಎಳೆತ ತಗ್ಗುತ್ತೆ. ಆಟದ ಪರದೆ ಮೇಲೆ ಬರುವ ಅಳತೆ ಓದಿ, ಈ ಲೆಕ್ಕ ಮಾಡಿ, ಫೈನಲ್ ಡ್ರೈವ್ (ಎಲ್ಲಾ ಗೇರ್‌ಗೂ ತಗಲುವ ಕೊನೆಯ ಅನುಪಾತ) ಅನ್ನು ಅದೇ ಪ್ರಮಾಣದಲ್ಲಿ ಏರಿಸಿ. 3.90 ಇದ್ದು ವ್ಯಾಸ 2.8% ಹೆಚ್ಚಾಗಿದ್ದರೆ 4.01. ಕಳೆದುಹೋದ ಎಳೆತ ವಾಪಸ್.

ರಿಮ್ ಎರಡು ಇಂಚು ದೊಡ್ಡದು ಮಾಡಿದ್ದಕ್ಕೆ ನೋಟ ಬಿಟ್ಟರೆ ಬಹಳ ಲಾಭ ಇಲ್ಲ. ಲೋಹ ಹೊರಕ್ಕೆ ಸರಿದು ಸುತ್ತುವ ತೂಕ ಹೆಚ್ಚುತ್ತೆ. ಚಕ್ರದ ಅಂಚಿನ 1 ಕೆ.ಜಿ. ವೇಗ ಏರಿಸುವಾಗ ಕಾರಿನ ಒಳಗಿಟ್ಟ ಸುಮಾರು 2 ಕೆ.ಜಿ.ಗೆ ಸಮ. ಸೈಡ್‌ವಾಲ್ ತೆಳುವಾಗಿ ಸ್ಟಿಯರಿಂಗ್ ಚುರುಕಾಗುತ್ತೆ ನಿಜ, ಆದರೆ ಕರ್ಬ್ (ದಾರಿ ಅಂಚಿನ ಉಬ್ಬು) ಮೇಲೆ ಹತ್ತಿದಾಗ ಕಾರು ಎಗರುತ್ತೆ. 150 ಹಾರ್ಸ್‌ಪವರ್ ಕಾರಿಗೆ 19 ಇಂಚು ರಿಮ್ಮು, 275ರ ಟೈರು ಅಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಟೈರ್ ಬಿಸಿ ಆಗುವಷ್ಟು ಶಕ್ತಿಯೇ ಅಲ್ಲಿಲ್ಲ.

ಮೂರನೇ ಗೇರ್

ಬಹಳ ಉಪಯೋಗವಾಯಿತು. ರಿಮ್ ಹಳೆಯದಕ್ಕೇ ಇಳಿಸುತ್ತೇನೆ. ಈಗ ಮುಂದೆ 245, ಹಿಂದೆ 265 ಇಟ್ಟುಕೊಂಡು ಹೊರಟರೆ ಸೆಟಪ್‌ನಲ್ಲಿ ಇನ್ನೇನೇನು ಬದಲಿಸಬೇಕು, ಯಾವ ಕ್ರಮದಲ್ಲಿ? ಆಫ್‌ಸೆಟ್ ಮತ್ತು ಟ್ರ್ಯಾಕ್ ವಿಡ್ತ್ (ಎಡ ಬಲ ಚಕ್ರಗಳ ನಡುವಿನ ಅಂತರ) ಬಗ್ಗೆಯೂ ಹೇಳಿ. ಟ್ರ್ಯಾಕ್ ಅಗಲ ಮಾಡುವುದೂ ಟೈರ್ ಅಗಲ ಮಾಡುವುದೂ ಒಂದೇನಾ?

ಸ್ಲಿಪ್ ಆಂಗಲ್

ಒಂದೇ ಅಲ್ಲ. ಟೈರ್ ಅಗಲ ಭಾರವನ್ನು ತಡೆದುಕೊಳ್ಳುವ ಗುಣ ಬದಲಿಸುತ್ತದೆ. ಟ್ರ್ಯಾಕ್ ಅಗಲ ಹೊರಚಕ್ರಕ್ಕೆ ವಾಲುವ ಭಾರವನ್ನೇ ಕಡಿಮೆ ಮಾಡುತ್ತದೆ. 1400 ಕೆ.ಜಿ. ಕಾರು, ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರ, ಟ್ರ್ಯಾಕ್ 1.50 ಮೀಟರ್ ಇದ್ದರೆ 1 ಜಿ ತಿರುವಿನಲ್ಲಿ ಒಟ್ಟು ಸುಮಾರು 4,580 ನ್ಯೂಟನ್ ಆಚೆಗೆ ವಾಲುತ್ತದೆ. ಪ್ರತಿ ಬದಿಗೆ 20 ಮಿ.ಮೀ. ಹೊರಕ್ಕೆ ತಳ್ಳಿದರೆ 4,460. ಅಂದರೆ 2.6% ಕಡಿಮೆ. ಮುಂದಿನ ಟ್ರ್ಯಾಕ್ ಮಾತ್ರ ಅಗಲಿಸಿದರೆ ಮುಂಭಾಗಕ್ಕೆ ಸ್ವಲ್ಪ ಹಿಡಿತ ಸಿಗುತ್ತದೆ. ಪಿಐ ಅಂಚಿನಲ್ಲಿ ನಿಂತ ಕಾರಿಗೆ ಮೊದಲು ಇದನ್ನು ಪ್ರಯತ್ನಿಸಿ, ಎಷ್ಟು ಪಿಐ ಹೋಯಿತು ನೋಡಿ.

ಆಫ್‌ಸೆಟ್ ಲೆಕ್ಕ ಹೀಗೆ. 7 ಇಂಚು ಅಗಲ, ಆಫ್‌ಸೆಟ್ 48ರ ರಿಮ್ ತೆಗೆದು 8.5 ಇಂಚು, ಆಫ್‌ಸೆಟ್ 35ರದ್ದು ಹಾಕಿದರೆ ಹೊರ ಅಂಚು 32 ಮಿ.ಮೀ. ಆಚೆ, ಒಳ ಅಂಚು 6 ಮಿ.ಮೀ. ಒಳಗೆ ಹೋಗುತ್ತದೆ. ಚಕ್ರದ ಮಧ್ಯರೇಖೆ 13 ಮಿ.ಮೀ. ಹೊರಕ್ಕೆ ಸರಿಯಿತು, ಸ್ಕ್ರಬ್ ರೇಡಿಯಸ್ (ಸ್ಟಿಯರಿಂಗ್ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಟೈರಿನ ಮಧ್ಯಕ್ಕೂ ಇರುವ ದೂರ) ಕೂಡ ಅಷ್ಟೇ ಬದಲಾಯಿತು. ಸಸ್ಪೆನ್ಷನ್ ರೇಖಾಗಣಿತವನ್ನು ಲೆಕ್ಕ ಹಾಕುವ ಸಿಮ್‌ಗಳಲ್ಲಿ, ಒಂದು ಚಕ್ರ ಕರ್ಬ್ ಮೇಲಿದ್ದು ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ಕೈಯಿಂದ ಎಳೆದಂತಾಗುವುದು ಇದರಿಂದಲೇ. ರಿಮ್ ಅಗಲದ ಮಿತಿಯೂ ನೆನಪಿರಲಿ: ನಿಜವಾದ 225/45 ಆರ್17 ಟೈರಿಗೆ 7ರಿಂದ 8.5 ಇಂಚು ರಿಮ್ ಒಪ್ಪುತ್ತದೆ, 7.5 ಪ್ರಮಾಣಿತ. ಕಿರಿದಾದ ರಿಮ್‌ಗೆ ಅಗಲದ ಟೈರ್ ತುರುಕಿದರೆ ಸೈಡ್‌ವಾಲ್ ಬಲೂನಿನಂತೆ ಉಬ್ಬಿ ತಿರುವಿನಲ್ಲಿ ಮಗುಚುತ್ತದೆ. ಬೀಮ್‌ಎನ್‌ಜಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ.

ಸೆಟಪ್ ಕ್ರಮ ನಾನಾದರೆ ಹೀಗೆ ಹಿಡಿಯುತ್ತೇನೆ.

ಮೊದಲು ಒತ್ತಡ. ಫೋರ್ಜಾದ ಟೆಲಿಮೆಟ್ರಿಯಲ್ಲಿ ಟೈರಿನ ಒಳ, ಮಧ್ಯ, ಹೊರ ಭಾಗದ ಉಷ್ಣತೆ ಬೇರೆ ಬೇರೆ ಕಾಣುತ್ತದೆ. ಬಿಸಿಯಾದ ಮೇಲೆ ಓದಿ, ನಿಂತಿರುವಾಗಿನದನ್ನಲ್ಲ. ಮಧ್ಯ ಭಾಗ ಎರಡೂ ಅಂಚಿಗಿಂತ ಬಿಸಿಯಿದ್ದರೆ ಗಾಳಿ ಹೆಚ್ಚಾಗಿದೆ, 1 ಪಿಎಸ್‌ಐ ಇಳಿಸಿ. ಅಂಚುಗಳು ಬಿಸಿಯಾಗಿ ಮಧ್ಯ ತಣ್ಣಗಿದ್ದರೆ ಗಾಳಿ ಕಡಿಮೆ. ಅಗಲ ಹೆಚ್ಚಿಸಿದ ಮೇಲೆ ಸಾಮಾನ್ಯವಾಗಿ 1–2 ಪಿಎಸ್‌ಐ ಇಳಿಸಬೇಕಾಗುತ್ತದೆ.

ಆಮೇಲೆ ಕ್ಯಾಂಬರ್. ಅಗಲದ ಟೈರ್ ಕ್ಯಾಂಬರ್ ತಪ್ಪನ್ನು ಸಹಿಸುವುದಿಲ್ಲ, ಕಾರಣ ಶುದ್ಧ ರೇಖಾಗಣಿತ. 1 ಡಿಗ್ರಿ ವಾಲಿದರೆ 180 ಮಿ.ಮೀ. ಪಟ್ಟಿಯ ಎರಡು ಅಂಚಿನ ನಡುವೆ 3.1 ಮಿ.ಮೀ. ಎತ್ತರದ ವ್ಯತ್ಯಾಸ, 250 ಮಿ.ಮೀ. ಪಟ್ಟಿಗೆ 4.4. ಒಂದು ಅಂಚು ಸುಟ್ಟು ಇನ್ನೊಂದು ತೇಲುತ್ತದೆ. ತಿರುವಿನ ಮಧ್ಯೆ ಹೊರಗಿನ ಮುಂದಿನ ಚಕ್ರದ ಕ್ಯಾಂಬರ್ ಸೊನ್ನೆಗೆ ಹತ್ತಿರ, ಸ್ವಲ್ಪ ಋಣದಲ್ಲೇ ಇರುವಂತೆ ನಿಂತಿರುವಾಗಿನ ಬೆಲೆ ಆರಿಸಿ. ಅರ್ಧ ಡಿಗ್ರಿಗಿಂತ ದೊಡ್ಡ ಹೆಜ್ಜೆ ಬೇಡ.

ಮೂರನೆಯದು ಆ್ಯಂಟಿ ರೋಲ್ ಬಾರ್ (ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು). ಮೇಲೆ ಬರೆದ ಲೋಡ್ ಸೆನ್ಸಿಟಿವಿಟಿ ಇಲ್ಲಿ ನಿಮ್ಮ ಪರ ಕೆಲಸ ಮಾಡುತ್ತದೆ. ಹಿಂದಿನ ಬಾರ್ ಗಟ್ಟಿ ಮಾಡಿದರೆ ಹಿಂದಿನ ಆಕ್ಸಲ್ ಹೆಚ್ಚು ಭಾರ ಆಚೆ ದಾಟಿಸಿ ತನ್ನ ಹಿಡಿತವನ್ನು ತಾನೇ ಸ್ವಲ್ಪ ಕಳೆದುಕೊಳ್ಳುತ್ತದೆ, ಮುಂದಿನದು ಗಳಿಸುತ್ತದೆ. 245–265 ಜೋಡಿಯಲ್ಲೂ ಮೂಗು ತಿರುಗದಿದ್ದರೆ ಹಿಂದಿನದನ್ನು ಎರಡು ಮೂರು ಅಂಕ ಏರಿಸಿ, ಮುಂದಿನದನ್ನು ಅಷ್ಟೇ ಇಳಿಸಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಹೊರಕ್ಕೆ ಓಡಿದರೆ ಬಾರ್ ಬಿಟ್ಟು ಡಿಫರೆನ್ಷಿಯಲ್‌ನ ಆಕ್ಸಿಲರೇಷನ್ ಲಾಕ್ (ಎಡ ಬಲ ಚಕ್ರ ಒಟ್ಟಿಗೇ ಸುತ್ತುವಂತೆ ಬಿಗಿಯುವ ಪ್ರಮಾಣ) ಇಳಿಸಿ. ಹಿಂದೆ ಹಿಡಿತ ಹೆಚ್ಚಿದ ಮೇಲೆ ಅಷ್ಟು ಲಾಕ್ ಬೇಕಾಗುವುದಿಲ್ಲ. ಬ್ರೇಕ್ ಒತ್ತಿ ಒಳನುಗ್ಗುವಾಗ ಮಾತ್ರ ಸಮಸ್ಯೆಯಿದ್ದರೆ ಬ್ರೇಕ್ ಬ್ಯಾಲೆನ್ಸ್ ಒಂದೆರಡು ಶೇಕಡಾ ಹಿಂದಕ್ಕೆ.

ಪರೀಕ್ಷೆಗೆ ಲ್ಯಾಪ್ ಟೈಮ್ ನಂಬಬೇಡಿ, ಚಾಲಕನ ವ್ಯತ್ಯಾಸವೇ ಅದರಲ್ಲಿ ಹೆಚ್ಚು. 50 ಮೀಟರ್ ತ್ರಿಜ್ಯದ ಒಂದು ಸಮತಟ್ಟು ವೃತ್ತ ಹುಡುಕಿ, ಬೀಮ್‌ಎನ್‌ಜಿಯ ಗ್ರಿಡ್‌ಮ್ಯಾಪ್ ಇದಕ್ಕೆ ಹೇಳಿಮಾಡಿಸಿದ ಜಾಗ. ಸ್ಟೆಬಿಲಿಟಿ, ಟ್ರ್ಯಾಕ್ಷನ್ ಕಂಟ್ರೋಲ್ ಆಫ್. ನಿಧಾನವಾಗಿ ವೇಗ ಏರಿಸುತ್ತಾ ಗೆರೆ ಬಿಟ್ಟು ಹೋಗುವ ವೇಗ ಬರೆದುಕೊಳ್ಳಿ, ಎಡಕ್ಕೂ ಬಲಕ್ಕೂ. 1.00 ಜಿ ಹಿಡಿತಕ್ಕೆ ಆ ವೇಗ ಸುಮಾರು 80 ಕಿ.ಮೀ., 1.05 ಜಿಗೆ 81.7. ಹಿಡಿತ 5% ಏರಿದರೂ ಸ್ಪೀಡೋಮೀಟರಿನಲ್ಲಿ ಕಾಣುವುದು 2 ಕಿ.ಮೀ.ಗಿಂತ ಕಡಿಮೆ. ಅದಕ್ಕೇ ಒಮ್ಮೆಗೆ ಒಂದೇ ಬದಲಾವಣೆ. ಮೊದಲು ಸೋತದ್ದು ಮೂಗೋ ಬಾಲವೋ ಅನ್ನುವುದನ್ನೂ ವೇಗದ ಪಕ್ಕದಲ್ಲೇ ಬರೆಯಿರಿ, ವೇಗಕ್ಕಿಂತ ಅದೇ ಮುಖ್ಯ.

ಬಾಲ ಬೀಸಿ

ಮಳೆ, ಹಿಮದ ರೇಸ್ ಇದ್ದರೆ ಮೇಲಿನ ಅಗಲಗಳು ನಡೆಯಲ್ಲ. ನೀರು ನಿಂತ ರಸ್ತೆಯಲ್ಲಿ ಟೈರ್ ತೇಲಲು ಶುರುವಾಗುವ ವೇಗಕ್ಕೆ ನಾಸಾದ ಹಳೆಯ ಸೂತ್ರ ಇದೆ: ಪಿಎಸ್‌ಐ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ನಾಟ್‌ನಲ್ಲಿ ವೇಗ. 32 ಪಿಎಸ್‌ಐಗೆ ಸುಮಾರು 94 ಕಿ.ಮೀ., 26ಕ್ಕೆ 85. ಒಣ ರಸ್ತೆಗೆ ಅಂತ ಇಳಿಸಿದ ಒತ್ತಡ ಮಳೆಯಲ್ಲಿ ಮುಳುವಾಗೋದು ಹೀಗೆ. ಅಗಲದ, ಗಿಡ್ಡ ಪಟ್ಟಿ ನೀರನ್ನು ಸೀಳುವ ಬದಲು ಅದರ ಮೇಲೆ ಹತ್ತುತ್ತೆ. ಆಟದ ಫಿಸಿಕ್ಸ್ ಇದನ್ನೆಲ್ಲ ಲೆಕ್ಕ ಹಾಕದಿದ್ದರೂ ಅಗಲ ಹೆಚ್ಚಿದಷ್ಟೂ ಟೈರ್ ಬಿಸಿ ಹಿಡಿಯೋದು ನಿಧಾನ.

ಹಿಮದ ರ‍್ಯಾಲಿಯಲ್ಲಂತೂ ಬೇಕೆಂದೇ ಕಿರಿದಾದ, ಮೊಳೆ ಹೊಡೆದ 15 ಇಂಚಿನ ಟೈರ್ ಹಾಕ್ತಾರೆ. ಸಡಿಲ ಹಿಮವನ್ನು ಕೊರೆದು ಕೆಳಗಿನ ಗಟ್ಟಿ ಮಂಜುಗಡ್ಡೆ ಮುಟ್ಟೋದಕ್ಕೆ.

ಗೇರುಪೆಟ್ಟಿಗೆ

ಇದೇ ಕಾರನ್ನ ಮುಂದೆ ಫೋರ್ ವೀಲ್ ಡ್ರೈವ್‌ಗೆ ಬದಲಾಯಿಸೋ ಯೋಚನೆ ಇದ್ದರೆ 245–265 ಜೋಡಿಯ ವ್ಯಾಸ ಮತ್ತೆ ಅಳೀರಿ. ಎರಡಕ್ಕೂ 40ರ ಪ್ರೊಫೈಲ್ ಬಂದರೆ ಮುಂದೆ 627.8, ಹಿಂದೆ 643.8 ಮಿ.ಮೀ., 2.5% ವ್ಯತ್ಯಾಸ. ಬೀಮ್‌ಎನ್‌ಜಿಯಲ್ಲಿ ಸೆಂಟರ್ ಡಿಫರೆನ್ಷಿಯಲ್ ಲಾಕ್ ಮಾಡಿದರೆ ನೇರ ಹೋಗುವಾಗಲೂ ಒಂದು ಆಕ್ಸಲ್ ಸದಾ ಉಜ್ಜುತ್ತಾ ಇರತ್ತೆ. ಡ್ರೈವ್‌ಲೈನ್ ಬಿಗಿಯಾಗತ್ತೆ, ಟೈರ್ ಸುಮ್ಮನೆ ಬಿಸಿಯಾಗತ್ತೆ, ವೇಗವೂ ಹೋಗತ್ತೆ. ನಾಲ್ಕಕ್ಕೂ 255 ಹಾಕಿ, ಬ್ಯಾಲೆನ್ಸನ್ನ ಟ್ರ್ಯಾಕ್ ಮತ್ತು ಬಾರ್‌ಗಳಲ್ಲಿ ಸರಿಮಾಡಿಕೊಳ್ಳಿ.